ಮೃಗಾಲಯದಲ್ಲಿ ಮೊದಲು ಹುಡುಕಬೇಕಾದ್ದು ಅಡಗುವ ಜಾಗ

ಕಾಡುಪ್ರಾಣಿಯನ್ನು ಕೂಡಿಹಾಕಿ ಜನರಿಗೆ ತೋರಿಸುವುದು ಸರಿಯೋ ತಪ್ಪೋ ಎಂದು ಕೇಳಿದರೆ ನಮ್ಮ ಕಡೆ ಎರಡು ಮಾತು ಬೇಗ ಬರುತ್ತವೆ. ‘ಹೊಟ್ಟೆತುಂಬ ಹಾಕುತ್ತಾರೆ, ಡಾಕ್ಟರ್ ಇದ್ದಾರೆ, ಕಾಡಿನಲ್ಲಾಗಿದ್ದರೆ ಎಂದೋ ಸಾಯುತ್ತಿತ್ತು’ ಎಂಬುದು ಒಂದು. ‘ಪಾಪ, ಪಂಜರದಲ್ಲಿದೆ’ ಎಂಬುದು ಇನ್ನೊಂದು. ಆ ಪ್ರಾಣಿ ಬೆಳಗಿನಿಂದ ಬೆಳಗಿನವರೆಗೆ ಏನು ಮಾಡುತ್ತದೆ ಎಂಬ ಲೆಕ್ಕ ಈ ಎರಡರಲ್ಲೂ ಇಲ್ಲ. ನಾನು ಆ ಲೆಕ್ಕವನ್ನು ಒಂದು ಪ್ರಶ್ನೆಯಿಂದ ಶುರುಮಾಡುತ್ತೇನೆ: ನೋಡಲು ಬಂದವರ ಕಣ್ಣಿಗೆ ಬೀಳುವುದು ಬೇಡ ಅನಿಸಿದಾಗ ಆ ಪ್ರಾಣಿ ಮರೆಗೆ ಸರಿಯಬಹುದೇ? ಆಹಾರ, ಔಷಧಿ, ಜಾಗದ ಅಳತೆ ಎಲ್ಲ ಆಮೇಲೆ. ಮರೆಗೆ ಸರಿಯಲು ಬಿಡದೆ ಇಟ್ಟುಕೊಂಡ ಪ್ರಾಣಿಯನ್ನು ಅದರ ಒಳಿತಿಗಾಗಿ ಇಟ್ಟುಕೊಂಡಿದ್ದೇವೆ ಎಂದು ಹೇಳಲು ನಮಗೆ ಬಾಯಿಲ್ಲ.

ಕಾಸರಗೋಡಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕುಂಬಳೆ ಬಳಿಯ ಅನಂತಪುರ ದೇವಸ್ಥಾನದ ಕೆರೆಯಲ್ಲಿ ದಶಕಗಳ ಕಾಲ ಇದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್ 9ರ ರಾತ್ರಿ ತೀರಿಕೊಂಡಿತು. ಮಾರನೆಯ ದಿನ ಅದರ ಅಂತಿಮ ದರ್ಶನಕ್ಕೆ ಜನ ಸೇರಿದ್ದು ಊರಿಗೆಲ್ಲ ನೆನಪಿದೆ. ಆ ಮೊಸಳೆಗೆ ಪಂಜರವಿರಲಿಲ್ಲ, ಅದನ್ನು ನೋಡಲು ಟಿಕೆಟ್ ಇರಲಿಲ್ಲ. ಕಂಡವರು ಪುಣ್ಯ ಎಂದುಕೊಂಡರು, ಕಾಣದವರು ಇನ್ನೊಮ್ಮೆ ಬಂದರಾಯಿತು ಎಂದುಕೊಂಡು ಹೋದರು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು.

ನಮ್ಮ ಕೆರೆ-ಹೊಳೆಗಳ ಈ ಜಾತಿಯ ಮೊಸಳೆಗೆ ದಿನಕ್ಕೆ ನಾಲ್ಕು ಅನುಕೂಲ ಬೇಕು: ಮೈ ಕಾಯಿಸಿಕೊಳ್ಳಲು ಬಿಸಿಲು ಬೀಳುವ ದಡ, ತಂಪಾಗಲು ಆಳದ ನೀರು, ಹೊಕ್ಕು ಮಲಗಲು ಗುಹೆ ಅಥವಾ ತಾನೇ ತೋಡಿದ ಬಿಲ, ತಿನ್ನಲು ಮೀನು. ತನ್ನ ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾಗದ ಪ್ರಾಣಿಯಾದ್ದರಿಂದ ಬಿಸಿಲು ಮತ್ತು ನೀರಿನ ನಡುವೆ ಓಡಾಡುವುದೇ ಅದರ ಅರ್ಧ ಬದುಕು. ಅನಂತಪುರದಲ್ಲಿ ಯಾವುದು ಯಾವಾಗ ಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಮೊಸಳೆಯೇ. ಇನ್ನು ಬಬಿಯಾ ನೈವೇದ್ಯದ ಅನ್ನ ತಿಂದು ಮಾತ್ರ ಬದುಕುತ್ತಿತ್ತು ಎಂಬ ನಂಬಿಕೆ. ನಂಬಿಕೆಗೆ ನನ್ನ ಗೌರವವಿದೆ. ಆದರೆ ಮೊಸಳೆಯ ಹಲ್ಲು, ಹೊಟ್ಟೆ ಎರಡೂ ಮಾಂಸಕ್ಕೆಂದು ಆದವು, ಕೆರೆಯಲ್ಲಿ ಮೀನೂ ಇದೆ. ಹೊಸ ಮೊಸಳೆಯನ್ನು ಕರೆದು ಕೈಯಾರೆ ತಿನ್ನಿಸುವ ಆಸೆಯನ್ನು ಭಕ್ತರು ಬಿಡಬೇಕು. ಮನುಷ್ಯನ ಕೈ ಎಂದರೆ ಊಟ ಎಂದು ಕಲಿತ ಮೊಸಳೆ ಮಗುವಿನ ಕೈಯನ್ನು ಬೇರೆಯಾಗಿ ನೋಡುವುದಿಲ್ಲ. ಅಂಥ ಒಂದು ಘಟನೆ ನಡೆದರೆ ಕೆರೆಗೆ ಕಬ್ಬಿಣದ ಬಲೆ ಬರುತ್ತದೆ.

ಇದೇ ಜಾತಿಯ ಮೊಸಳೆ ಮೃಗಾಲಯದ ಸಿಮೆಂಟು ತೊಟ್ಟಿಯಲ್ಲಿದ್ದಾಗ ಏನಾಗುತ್ತದೆ ನೋಡಿ. ಬಿಲ ತೋಡಲು ಮಣ್ಣಿಲ್ಲ. ಗಂಡುಗಳೆರಡು ಒಂದೇ ತೊಟ್ಟಿಯಲ್ಲಿದ್ದರೆ ಸೋತದ್ದು ಓಡಲು ಜಾಗವಿಲ್ಲದೆ ಬಾಲ-ಕಾಲು ಕಳೆದುಕೊಳ್ಳುತ್ತದೆ. ಒರಟು ಕಾಂಕ್ರೀಟಿಗೆ ಹೊಟ್ಟೆಯ ಚಿಪ್ಪು ಸವೆದು ಗಾಯವಾಗುತ್ತದೆ. ಗಂಟೆಗಟ್ಟಲೆ ಅಲುಗದೆ ಮಲಗುವುದು ಮೊಸಳೆಯ ಸಹಜ ಸ್ವಭಾವ, ಆದರೆ ‘ಜೀವ ಇದೆಯಾ’ ಎಂದು ನೋಡಲು ಮೇಲಿನಿಂದ ಕಲ್ಲು, ಬಾಟಲಿ, ನಾಣ್ಯ ಬೀಳುತ್ತವೆ. ಮೊಸಳೆ ಜೀರ್ಣಕ್ಕೆಂದು ಕಲ್ಲು ನುಂಗುವ ಪ್ರಾಣಿ, ಹಾಗಾಗಿ ನಾಣ್ಯವನ್ನೂ ನುಂಗಿಬಿಡುತ್ತದೆ. ಸರಿಪಡಿಸುವುದು ದುಬಾರಿಯಲ್ಲ: ಜನ ಒಂದೇ ಬದಿಯಿಂದ ನೋಡುವಂತೆ ಮಾಡುವುದು, ಎದುರು ದಡಕ್ಕೆ ಮಣ್ಣು-ಮರಳು ಹಾಕುವುದು, ನೀರಿನ ಅಂಚಿಗೆ ಗಿಡ ನೆಡುವುದು. ಆದರೆ ಗಿಡ ನೆಟ್ಟರೆ ಮೊಸಳೆ ಕಾಣುವುದಿಲ್ಲ, ಕಾಣದಿದ್ದರೆ ದೂರು ಬರುತ್ತದೆ, ದೂರು ಬಂದರೆ ಗಿಡ ಹೋಗುತ್ತದೆ. ಇಡೀ ಸಮಸ್ಯೆ ಇರುವುದು ಈ ಸುತ್ತಿನಲ್ಲಿ.

ಮಂಗಳೂರಿನ ಪಿಲಿಕುಳ, ಮೈಸೂರು, ತಿರುವನಂತಪುರ, ಈಗ ತ್ರಿಶ್ಶೂರಿನ ಪುತ್ತೂರು (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ): ನಮ್ಮ ಜಿಲ್ಲೆಯ ಶಾಲಾ ಪ್ರವಾಸದ ಬಸ್ಸುಗಳು ಹೋಗುವ ಮೃಗಾಲಯಗಳು ಇವು. ದೇಶದ ಎಲ್ಲ ಮೃಗಾಲಯಗಳ ಮೇಲೆ 1992ರಲ್ಲಿ ಸ್ಥಾಪನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರದ ಹಿಡಿತವಿದೆ. ಹುಲಿ ಜೋಡಿಗೆ ಕನಿಷ್ಠ 1000 ಚದರ ಮೀಟರ್, ಚಿರತೆ ಜೋಡಿಗೆ 500 ಚದರ ಮೀಟರ್ ಬಯಲು ಇರಬೇಕು ಎಂದು ಅದು ಹೇಳುತ್ತದೆ. ನಮ್ಮ ಅಳತೆಯಲ್ಲಿ ಹುಲಿ ಜೋಡಿಗೆ ಇಪ್ಪತ್ತೈದು ಸೆಂಟ್ಸ್ ಜಾಗ. ನಾಗರಹೊಳೆಯಂಥ ಬೇಟೆ ಹೇರಳವಾಗಿರುವ ಕಾಡಿನಲ್ಲಿ ಒಂದು ಹೆಣ್ಣು ಹುಲಿ ಓಡಾಡುವ ಸೀಮೆ ಸುಮಾರು ಹದಿನೈದು-ಇಪ್ಪತ್ತು ಚದರ ಕಿಲೋಮೀಟರ್. ಈ ಅಂತರವನ್ನು ಯಾವ ಮೃಗಾಲಯವೂ ತುಂಬಲಾರದು, ತುಂಬಬೇಕೆಂದು ಕೇಳುವುದರಲ್ಲಿ ಅರ್ಥವೂ ಇಲ್ಲ. ಇಪ್ಪತ್ತೈದು ಸೆಂಟ್ಸಿನೊಳಗೆ ಪ್ರಾಣಿಗೆ ಎಷ್ಟು ಆಯ್ಕೆ ಇದೆ ಎಂದು ಕೇಳಬಹುದು.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ನಾವು ನೋಡುವ ಬಯಲಿನಲ್ಲಿ ಹುಲಿ ಇರುವುದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾತ್ರ, ಅಂದರೆ ಎಂಟು ಗಂಟೆ. ಉಳಿದ ಹದಿನಾರು ಗಂಟೆ ಹಿಂದಿನ ಕೋಣೆಯಲ್ಲಿ. ಹುಲಿ-ಸಿಂಹದ ಆ ಕೋಣೆಗೆ ಪ್ರಾಧಿಕಾರ ಹೇಳುವ ಕನಿಷ್ಠ ಅಳತೆ 2.75 ಮೀಟರ್ ಉದ್ದ, 1.80 ಮೀಟರ್ ಅಗಲ, 3 ಮೀಟರ್ ಎತ್ತರ. ನೆಲ ಐದು ಚದರ ಮೀಟರಿನಷ್ಟು. ರಾತ್ರಿ ಸಂಚಾರದ ಪ್ರಾಣಿ ತನ್ನ ಸಂಚಾರದ ಹೊತ್ತನ್ನೆಲ್ಲ ಅಲ್ಲಿ ಕಳೆಯುತ್ತದೆ. ಹೀಗೆ ಮಾಡುವುದಕ್ಕೆ ಕಾರಣಗಳೂ ಇವೆ: ಕತ್ತಲಲ್ಲಿ ಬೇಲಿ ಮುರಿದರೆ ಗೊತ್ತಾಗುವುದಿಲ್ಲ, ಕಾವಲಿಗೆ ಜನ ಕಡಿಮೆ, ಕೋಣೆಯೊಳಗೆ ಊಟ ಕೊಟ್ಟರೆ ಎಷ್ಟು ತಿಂದಿತೆಂದು ತಿಳಿಯುತ್ತದೆ. ಪರಿಹಾರವೆಂದರೆ ಕೋಣೆಗೆ ತಾಗಿ ಗಟ್ಟಿ ಜಾಲರಿಯ ಒಂದು ಸಣ್ಣ ಅಂಗಳ ಕಟ್ಟಿ, ನಡುವಿನ ಜಾರುಬಾಗಿಲನ್ನು ರಾತ್ರಿ ತೆರೆದಿಡುವುದು. ಪ್ರವಾಸ ಹೋದಾಗ ಸಿಬ್ಬಂದಿಯನ್ನು ಒಂದು ಮಾತು ಕೇಳಿ: ‘ರಾತ್ರಿ ಇದು ಎಲ್ಲಿರುತ್ತದೆ?’ ಬೋರ್ಡು ಓದಿ ತಿಳಿಯುವುದಕ್ಕಿಂತ ಹೆಚ್ಚು ಆ ಉತ್ತರದಿಂದ ತಿಳಿಯುತ್ತದೆ.

ಬೇಲಿಯ ಪಕ್ಕದ ನೆಲ ನೋಡಿ. ಹುಲ್ಲು ಪೂರ್ತಿ ಸವೆದು ಒಂದು ಅಡಿ ಅಗಲದ ದಾರಿ ಬಿದ್ದಿದ್ದರೆ ಪ್ರಾಣಿ ಅದೇ ಗೆರೆಯಲ್ಲಿ ತಿಂಗಳುಗಟ್ಟಲೆ ನಡೆದಿದೆ ಎಂದರ್ಥ. ಆಮೇಲೆ ಒಂದೇ ಪ್ರಾಣಿಯ ಮುಂದೆ ಕಾಲು ಗಂಟೆ ನಿಲ್ಲಿ. ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಿ, ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ. ಹದಿನೈದರಲ್ಲಿ ನಾಲ್ಕೈದು ಸಲ ಒಂದೇ ಗೆರೆಯ ನಡಿಗೆ, ಒಂದೇ ಜಾಗದಲ್ಲಿ ತಿರುವು, ತಲೆ ತೂಗುವುದು ಕಂಡರೆ ಅದನ್ನು ಆಟವೆಂದು ಮಕ್ಕಳಿಗೆ ಹೇಳಬೇಡಿ. ಕರಡಿ ತೂಗುತ್ತದೆ, ತೋಳ ಎಂಟರ ಆಕಾರದಲ್ಲಿ ಸುತ್ತುತ್ತದೆ, ಗಿಳಿ ತನ್ನ ಎದೆಯ ಪುಕ್ಕ ಕಿತ್ತುಕೊಳ್ಳುತ್ತದೆ. ಗಿಳಿಯದ್ದು ಚರ್ಮರೋಗವೋ ಮನೋಕ್ಲೇಶವೋ ಎಂದು ಅಂದಾಜಿಸಲು ತಲೆ ನೋಡಬೇಕು. ಕೊಕ್ಕು ತಲುಪದ ತಲೆಯ ಪುಕ್ಕ ಚೆನ್ನಾಗಿದ್ದು ಎದೆ ಮಾತ್ರ ಬೋಳಾಗಿದ್ದರೆ ಕಿತ್ತುಕೊಂಡದ್ದೇ. ಊಟದ ಹೊತ್ತಿಗೆ ಮುಂಚಿನ ಶತಪಥ ಅಷ್ಟು ಗಂಭೀರವಲ್ಲ. ಸರ್ಕಸ್ಸಿನಿಂದ ಬಿಡಿಸಿ ತಂದ ಮುದಿ ಸಿಂಹ ಒಳ್ಳೆಯ ಬಯಲಿನಲ್ಲೂ ಅದೇ ಐದು ಹೆಜ್ಜೆ ನಡೆದು ತಿರುಗುವುದುಂಟು. ಅದು ಹಳೆಯ ಪಂಜರದ ಗಾಯ, ಈಗಿನವರ ತಪ್ಪಲ್ಲ.

2003ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಡಿನಲ್ಲಿ ದೊಡ್ಡ ಸೀಮೆ ಸುತ್ತುವ ಮಾಂಸಾಹಾರಿಗಳೇ ಸೆರೆಯಲ್ಲಿ ಹೆಚ್ಚು ಶತಪಥ ಹಾಕುತ್ತವೆ, ಅವುಗಳ ಮರಿಗಳೇ ಹೆಚ್ಚು ಸಾಯುತ್ತವೆ. ಹಿಮಕರಡಿಯ ಮೃಗಾಲಯದ ಆವರಣ ಅದರ ಕಾಡಿನ ಕನಿಷ್ಠ ಸೀಮೆಯ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು ಎಂದು ಅವರು ಲೆಕ್ಕ ಹಾಕಿದ್ದರು. ಯಾವ ಪ್ರಾಣಿಯನ್ನು ಇಡಬಾರದು ಎಂಬ ಪ್ರಶ್ನೆಗೆ ಇಲ್ಲಿಂದ ಒಂದು ಗಟ್ಟಿ ಉತ್ತರ ಸಿಗುತ್ತದೆ. ಸಣ್ಣ ಸೀಮೆಯಲ್ಲೇ ಬದುಕುವ, ಅಡಗಲು ಅನುಕೂಲ ಮಾಡಿಕೊಡಬಹುದಾದ ಪ್ರಾಣಿಗಳನ್ನು ಇಡಿ. ಆನೆ, ಹಿಮಕರಡಿ, ತಿಮಿಂಗಿಲ ಜಾತಿಯವನ್ನು ಬಿಡಿ. ಆನೆಗಳನ್ನು ಮೃಗಾಲಯಗಳಲ್ಲಿ ಪ್ರದರ್ಶಿಸಬಾರದು, ಶಿಬಿರಗಳಿಗೆ ಕಳಿಸಬೇಕು ಎಂದು ನಮ್ಮ ಪ್ರಾಧಿಕಾರ 2009ರಲ್ಲೇ ಆದೇಶಿಸಿತ್ತು.

ಒಳ್ಳೆಯ ಆವರಣದ ಗುರುತು ಏನು? ಜನ ಎಲ್ಲ ಸುತ್ತಿನಿಂದ ನೋಡುವಂತಿರಬಾರದು. ಪ್ರಾಣಿ ನಿಲ್ಲುವ ಜಾಗ ನಮಗಿಂತ ಎತ್ತರದಲ್ಲಿರಬೇಕು. ಮೇಲಿನಿಂದ ಹತ್ತಾರು ಮುಖಗಳು ಬಗ್ಗಿ ನೋಡುವ ಗುಂಡಿ ಚಿರತೆಗೆ ಭಯದ ಜಾಗ. ನೆರಳು ಮತ್ತು ಮರೆ ಬೇರೆ ಬೇರೆಯಾಗಿದ್ದರೆ ಪ್ರಾಣಿ ಯಾವುದೋ ಒಂದನ್ನು ಬಿಡಬೇಕಾಗುತ್ತದೆ. ಹಾವಿನ ಪೆಟ್ಟಿಗೆಯಲ್ಲಿ ಈ ತಪ್ಪು ಎದ್ದು ಕಾಣುತ್ತದೆ: ಅಡಗುವ ಡಬ್ಬಿ ಒಂದೇ ಇದ್ದು ಅದು ತಂಪಿನ ಬದಿಯಲ್ಲಿದ್ದರೆ, ಹೆದರಿದ ಹಾವು ಮೈ ಬೆಚ್ಚಗಾಗದೆ ಅಲ್ಲೇ ಕೂರುತ್ತದೆ, ತಿಂದದ್ದು ಜೀರ್ಣವಾಗುವುದಿಲ್ಲ, ಕಕ್ಕುತ್ತದೆ. ಎರಡು ತುದಿಗೂ ಒಂದೊಂದು ಡಬ್ಬಿ ಇಟ್ಟರೆ ಮುಗಿಯಿತು. ಹಾವು ಸುರುಳಿ ಸುತ್ತಿ ಕೂತಾಗ ಡಬ್ಬಿಯ ಗೋಡೆ ಮೈಗೆ ತಾಗುವಷ್ಟು ಅದು ಸಣ್ಣದಿರಬೇಕು. ಪರಶ್ಶಿನಿಕ್ಕಡವಿನ ಹಾವಿನ ಪಾರ್ಕಿಗೆ ಹೋಗದ ಉತ್ತರ ಮಲಬಾರಿನ ಶಾಲೆ ಕಡಿಮೆ. ಎಲ್ಲೇ ಆಗಲಿ, ಹಾವನ್ನು ಕೈಯಲ್ಲಿ ಹಿಡಿದು ತೋರಿಸುವ ಪ್ರದರ್ಶನವಿದ್ದರೆ ಎರಡು ವಿಷಯ ಕೇಳಬಹುದು: ಊಟ ಕೊಟ್ಟು ಎರಡು ದಿನ ಕಳೆದಿದೆಯೇ, ಅದೇ ಹಾವು ದಿನಕ್ಕೆ ಎಷ್ಟು ಸಲ ಹೊರಗೆ ಬರುತ್ತದೆ. ಬಾಲ ಹಿಡಿದು ತೂಗಿದರೆ ಬೆನ್ನುಮೂಳೆಗೆ ಪೆಟ್ಟಾಗುತ್ತದೆ, ಆ ಪೆಟ್ಟು ವಾರಗಳ ನಂತರ ತಿಳಿಯುತ್ತದೆ. ಪಿಲಿಕುಳದಲ್ಲಿ ಕಾಳಿಂಗ ಸರ್ಪದ ಸಂತಾನಾಭಿವೃದ್ಧಿಯ ಕೆಲಸ ನಡೆದಿದೆ. ಎಲೆ ಒಟ್ಟುಗೂಡಿಸಿ ಗೂಡು ಕಟ್ಟುವ ಹಾವು ಅದೊಂದೇ. ಗೂಡಿಗೆ ಬೇಕಾದ ಒಣ ತರಗೆಲೆಯ ರಾಶಿಯನ್ನೂ ಅದರ ಮೇಲೆ ನೆಮ್ಮದಿಯಾಗಿ ಕೂರುವ ಮರೆಯನ್ನೂ ಕೊಡದೆ ಗಾಜಿನ ಹಿಂದೆ ಇಟ್ಟರೆ ಮೊಟ್ಟೆಯ ಕತೆ ಅಲ್ಲಿಗೇ ನಿಲ್ಲುತ್ತದೆ.

ಕೆಲಸ ಕೊಡುವುದು ಇನ್ನೊಂದು ಮುಖ್ಯ ವಿಷಯ. ಕರಡಿಗೆ ಒಂದು ದಿಮ್ಮಿಯಲ್ಲಿ ಎರಡು-ಮೂರು ಸೆಂಟಿಮೀಟರ್ ಅಗಲದ ತೂತುಗಳನ್ನು ಕೊರೆದು ಜೇನು ತುಂಬಿಸಿಟ್ಟರೆ ಅದು ಕಾಡಿನಲ್ಲಿ ಗೆದ್ದಲು ಹೀರುವಂತೆ ಹೀರುತ್ತಾ ಹೊತ್ತು ಕಳೆಯುತ್ತದೆ. ಮಂಗಕ್ಕೆ ಊಟವನ್ನು ಒಂದೇ ತಟ್ಟೆಯಲ್ಲಿ ಕೊಡದೆ ಹತ್ತು ಕಡೆ ಅಡಗಿಸಿಡಬೇಕು. ಈ ಪ್ರಯೋಗಗಳು ಸೋಲುವ ರೀತಿಯೂ ಗೊತ್ತಿರಬೇಕು: ಅದೇ ದಿಮ್ಮಿ ಅದೇ ಜಾಗದಲ್ಲಿ ದಿನವೂ ಇದ್ದರೆ ನಾಲ್ಕು ದಿನಕ್ಕೆ ಆಸಕ್ತಿ ಹೋಗುತ್ತದೆ, ಐದು ಮಂಗಗಳಿಗೆ ಎರಡೇ ಕಡೆ ಇಟ್ಟರೆ ಬಲಶಾಲಿ ಎರಡನ್ನೂ ಹಿಡಿದು ಕೂರುತ್ತದೆ, ಉಳಿದವು ಪೆಟ್ಟು ತಿನ್ನುತ್ತವೆ. ಪ್ರಾಣಿಗಳ ಸಂಖ್ಯೆಗಿಂತ ಒಂದಾದರೂ ಹೆಚ್ಚು ಇಡಬೇಕು.

ಹಳೆಯ ತ್ರಿಶ್ಶೂರು ಮೃಗಾಲಯ 1885ರದ್ದು, ನಗರದ ನಡುವೆ ಹದಿಮೂರೂವರೆ ಎಕರೆ. ಅಲ್ಲಿನ ಪ್ರಾಣಿಗಳಿಗೆಂದು ಕಟ್ಟಿದ ಪುತ್ತೂರಿನ ಹೊಸ ಪಾರ್ಕು ಮುನ್ನೂರು ಎಕರೆಗೂ ಮಿಕ್ಕಿದ್ದು. ಜಾಗ ದೊಡ್ಡದಾದದ್ದು ನಿಜವಾಗಿಯೂ ಒಳ್ಳೆಯದು. ಆದರೆ ಸಾಗಿಸುವುದೇ ಒಂದು ಅಪಾಯ. ಜಿಂಕೆಯನ್ನು ಅಟ್ಟಿಸಿ ಹಿಡಿದರೆ ಭಯಕ್ಕೆ ಅದರ ಸ್ನಾಯು ಒಡೆದು ವಿಷ ರಕ್ತಕ್ಕೆ ಸೇರುತ್ತದೆ, ಮೈಮೇಲೆ ಒಂದು ಗೀರೂ ಇಲ್ಲದೆ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಸಾಯುತ್ತದೆ. ನಾಯಿ ಆವರಣಕ್ಕೆ ನುಗ್ಗಿದಾಗ ಕಚ್ಚಿಸಿಕೊಳ್ಳದ ಜಿಂಕೆಯೂ ಸಾಯುವುದು ಇದರಿಂದ. ಅದಕ್ಕೇ ಸಾಗಿಸುವ ಪೆಟ್ಟಿಗೆಯನ್ನು ವಾರಗಳ ಮೊದಲೇ ಆವರಣದೊಳಗಿಟ್ಟು, ಅದರೊಳಗೇ ಮೇವು ಹಾಕಿ, ತಾನಾಗಿ ಒಳಹೋಗಿ ಬರುವುದು ರೂಢಿಯಾದ ಮೇಲೆ ಒಂದು ದಿನ ಬಾಗಿಲು ಮುಚ್ಚಬೇಕು.

ಮೃಗಾಲಯ ವಾರಕ್ಕೊಂದು ದಿನ ಮುಚ್ಚಿರಬೇಕು ಎಂಬ ನಿಯಮವಿದೆ. ಸೋಮವಾರ ಬಾಗಿಲು ಮುಚ್ಚಿದ್ದಕ್ಕೆ ಬೈಯುವವರು ಆ ದಿನ ಪ್ರಾಣಿಗಳ ಪಾಲಿನದ್ದು ಎಂದು ತಿಳಿಯಬೇಕು. ಕೆಣಕುವುದು, ತಿನ್ನಿಸುವುದು, ಕೂಗಿ ಎಬ್ಬಿಸುವುದು ವನ್ಯಜೀವಿ ಕಾಯ್ದೆಯ 38ಜೆ ಕಲಮಿನ ಪ್ರಕಾರ ಅಪರಾಧ.

ಸರ್ಕಸ್ಸಿನ ಮಾತು ಬಂತಲ್ಲ. ಭಾರತದ ಸರ್ಕಸ್ಸಿನ ತವರು ನಮ್ಮಿಂದ ದಕ್ಷಿಣಕ್ಕಿರುವ ತಲಶ್ಶೇರಿ. ಕೀಲೇರಿ ಕುಞಿಕಣ್ಣನ್ ಅಲ್ಲಿ 1901ರಲ್ಲಿ ಸರ್ಕಸ್ ಶಾಲೆ ತೆರೆದರು. ಕರಡಿ, ಮಂಗ, ಹುಲಿ, ಚಿರತೆ, ಸಿಂಹ ಈ ಐದನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು 1998ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದಾಗ ಅದರ ವಿರುದ್ಧದ ವ್ಯಾಜ್ಯ ನಡೆದದ್ದೂ ಕೇರಳ ಹೈಕೋರ್ಟಿನಲ್ಲೇ. ಕೋರ್ಟು 2000ದಲ್ಲಿ ನಿಷೇಧವನ್ನು ಎತ್ತಿಹಿಡಿಯಿತು, 2001ರ ಮೇ 1ರಂದು ಸುಪ್ರೀಂ ಕೋರ್ಟ್ ಒಪ್ಪಿತು. ಆ ಪಟ್ಟಿಯಲ್ಲಿ ಆನೆ ಇರಲಿಲ್ಲ.

ಆನೆಯ ಬಗ್ಗೆ ಹೆಚ್ಚು ಹೇಳಬೇಕಾಗಿರುವುದು ಅದಕ್ಕೇ. ಕೇರಳದಲ್ಲಿ 2018ರ ಗಣತಿಯಂತೆ 521 ಸಾಕಾನೆಗಳಿದ್ದವು. ಈಗ ನಾನೂರಕ್ಕೂ ಕಡಿಮೆ. ಸಾಕಾನೆ ಎನ್ನುತ್ತೇವೆ, ಆದರೆ ನಾಯಿ-ದನಗಳಂತೆ ತಲೆಮಾರುಗಳಿಂದ ಮನುಷ್ಯ ಆರಿಸಿ ಬೆಳೆಸಿದ ತಳಿ ಅದಲ್ಲ. ಕಾಡಿನಲ್ಲಿ ಹಿಡಿದ, ಅಥವಾ ಹಾಗೆ ಹಿಡಿದದ್ದರ ಮರಿ. ಕಾಡಿನಲ್ಲಿ ಅದು ದಿನದ ಹದಿನಾಲ್ಕರಿಂದ ಹದಿನೆಂಟು ಗಂಟೆ ಮೇಯುತ್ತಾ ನಡೆಯುತ್ತದೆ, ನೂರೈವತ್ತು ಕಿಲೋಗೂ ಮಿಕ್ಕಿ ಹಸಿಮೇವು ತಿನ್ನುತ್ತದೆ, ಅಷ್ಟೇ ಲೀಟರ್ ನೀರು ಕುಡಿಯುತ್ತದೆ. ಉತ್ಸವದ ಆನೆ ನಿಂತೇ ಇರುತ್ತದೆ. ಮೇವು ಎಂದರೆ ಮುಖ್ಯವಾಗಿ ಬೈನೆ ಓಲೆ ಮತ್ತು ತೆಂಗಿನ ಮಡಲು, ಎರಡೂ ನಾರು. ನಾರು ಹೆಚ್ಚು, ನೀರು ಕಡಿಮೆ, ನಡಿಗೆ ಇಲ್ಲ, ಮೇಲಿಂದ ಲಾರಿ ಪ್ರಯಾಣ: ಕರುಳಿನಲ್ಲಿ ಲದ್ದಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮಲಯಾಳದ ಮಾವುತರು ಎರಂಡಕ್ಕೆಟ್ಟು ಎನ್ನುವ ಈ ಕಾಯಿಲೆ ಕೇರಳದ ಸಾಕಾನೆಗಳನ್ನು ಕೊಲ್ಲುವ ದೊಡ್ಡ ಕಾರಣಗಳಲ್ಲೊಂದು. ತಡೆಯಲು ಬೇಕಾದದ್ದು ಹುಲ್ಲು, ಬಿದಿರು, ಅತ್ತಿ-ಆಲದ ಕೊಂಬೆ ಬೆರೆಸಿದ ಮೇವು, ದಿನವೂ ಮಣ್ಣಿನ ಮೇಲೆ ಕೆಲವು ಕಿಲೋಮೀಟರ್ ನಡಿಗೆ, ಕೇಳಿದಾಗ ನೀರು.

ಕಾಲು ಇನ್ನೊಂದು. ಆನೆಯ ಮುಂಗಾಲಿಗೆ ಸಾಮಾನ್ಯವಾಗಿ ಐದು, ಹಿಂಗಾಲಿಗೆ ನಾಲ್ಕು ಉಗುರು. ನಡೆದಾಗ ಅಂಗಾಲು, ಉಗುರು ತಾನಾಗಿ ಸವೆಯುತ್ತವೆ. ಒಂದೇ ಕಡೆ ಸಿಮೆಂಟಿನ ಮೇಲೆ, ತನ್ನದೇ ಮೂತ್ರದ ಒದ್ದೆಯಲ್ಲಿ ನಿಂತರೆ ಉಗುರು ಬೆಳೆದು ಸೀಳುತ್ತದೆ, ಸೀಳಿನಲ್ಲಿ ಕೀವು, ಕೀವು ಮೂಳೆಗೆ ಇಳಿದರೆ ಆ ಕಾಲು ಮತ್ತೆ ಸರಿಹೋಗುವುದು ಕಷ್ಟ. ಸಂಕೋಲೆ ಯಾವಾಗಲೂ ಅದೇ ಕಾಲಿಗೆ ಬಿದ್ದರೆ ಉಗುರಿನ ಮೇಲ್ಗಡೆ ಬಳೆಯಂತೆ ಗಾಯದ ಸುತ್ತು ಕಾಣುತ್ತದೆ. ಎಪ್ರಿಲ್ ಬಿಸಿಲಿನ ಡಾಂಬರು ಅಂಗಾಲನ್ನು ಸುಡುತ್ತದೆ. ಆನೆ ಬೆವರುವುದು ಉಗುರಿನ ಸುತ್ತ ಮಾತ್ರ. ಮೈ ತಣಿಸಿಕೊಳ್ಳುವುದು ಕಿವಿ ಬೀಸಿ, ನೀರು-ಕೆಸರು ಎರಚಿಕೊಂಡು. ಹಣೆಪಟ್ಟಿ ಕಟ್ಟಿ, ಬೆನ್ನ ಮೇಲೆ ನಾಲ್ಕು ಜನ ಕೂತು, ಎರಡು ಪಕ್ಕದಲ್ಲೂ ಆನೆ ನಿಂತರೆ ಈ ಮೂರೂ ಇಲ್ಲ. ಇನ್ನು ತಲೆ ಎತ್ತಿ ನಿಲ್ಲಿಸುವ ಪೈಪೋಟಿ. ಆನೆ ತಾನಾಗಿ ಗಂಟೆಗಟ್ಟಲೆ ತಲೆ ಎತ್ತಿ ನಿಲ್ಲುವುದಿಲ್ಲ. ಗಲ್ಲದ ಕೆಳಗೆ ಕೋಲು ಚುಚ್ಚುತ್ತಿದ್ದರೆ ನಿಲ್ಲುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ ಎಂಬುದು ನನಗೆ ಬಹಳ ನೋವಿನ ವಿಷಯ.

ಗಂಡಾನೆಗೆ ಮದ ಬಂದಾಗ ಕೆನ್ನೆಯ ಗ್ರಂಥಿಯಿಂದ ಎಣ್ಣೆಯಂಥ ದ್ರವ ಇಳಿಯುತ್ತದೆ, ಮೂತ್ರ ತೊಟ್ಟಿಕ್ಕುತ್ತಿರುತ್ತದೆ. ಕಾಡಿನಲ್ಲಿ ಅದು ಅಲೆಯುವ ಕಾಲ. ಸೆರೆಯಲ್ಲಿ ಅದೇ ಕಾಲ ಎರಡೋ ಮೂರೋ ಸಂಕೋಲೆಯಲ್ಲಿ ಒಂದೇ ಮರದ ಬುಡದಲ್ಲಿ ತಿಂಗಳುಗಟ್ಟಲೆ. ಬಿಟ್ಟರೆ ಕೊಲ್ಲುತ್ತದೆ, ಕಟ್ಟಿದರೆ ಹುಚ್ಚಾಗುತ್ತದೆ. ಇದಕ್ಕೆ ಸೆರೆಯೊಳಗೆ ಪರಿಹಾರವೇ ಇಲ್ಲ. ಗಂಡಾನೆಯನ್ನು ಉತ್ಸವಕ್ಕೆ ತರಬಾರದು ಎನ್ನಲು ನನಗೆ ಇದೊಂದು ಕಾರಣ ಸಾಕು.

ಕೇರಳ ಹೈಕೋರ್ಟ್ 2024ರ ನವೆಂಬರಿನಲ್ಲಿ ಆನೆಗಳ ನಡುವೆ ಮೂರು ಮೀಟರ್, ದೀವಟಿಗೆಗೆ ಐದು ಮೀಟರ್, ಜನರಿಗೆ ಎಂಟು ಮೀಟರ್, ಸಿಡಿಮದ್ದಿಗೆ ನೂರು ಮೀಟರ್ ದೂರವಿರಬೇಕೆಂದು ನಿರ್ದೇಶನ ಕೊಟ್ಟಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ತಡೆ ಇರುವುದು ಆ ನಿರ್ದೇಶನಕ್ಕೆ; ಎಂಟು ಮೀಟರ್ ದೂರದಲ್ಲಿ ಹಗ್ಗ ಕಟ್ಟಲು ಉತ್ಸವ ಸಮಿತಿಗೆ ಯಾರ ಅಪ್ಪಣೆಯೂ ಬೇಡ. ಆನೆ ತರಿಸಿಯೇ ತರಿಸುತ್ತೇವೆ ಎನ್ನುವ ಸಮಿತಿಯವರು ಇಷ್ಟಾದರೂ ನೋಡಲಿ. ಮಾಲಿಕತ್ವದ ಪತ್ರ, ಮೈಕ್ರೋಚಿಪ್ ಸಂಖ್ಯೆ, ವಿಮೆ, ಪಶುವೈದ್ಯರ ಆರೋಗ್ಯ ಪತ್ರ, ಜಿಲ್ಲಾ ಉಸ್ತುವಾರಿ ಸಮಿತಿಯಲ್ಲಿ ಉತ್ಸವದ ನೋಂದಣಿ ಇವು ಕಾಗದದ ಮಾತು. ಲಾರಿಯಿಂದ ಇಳಿದ ಮೇಲೆ ಆನೆಯನ್ನೇ ನೋಡಬೇಕು: ಕೆನ್ನೆ ಒದ್ದೆಯಾಗಿದೆಯೇ, ನಾಲ್ಕೂ ಕಾಲಿಗೆ ಸಮನಾಗಿ ಭಾರ ಬಿಡುತ್ತದೆಯೇ, ಲದ್ದಿ ಬಿದ್ದಿದೆಯೇ. ಲದ್ದಿಯಲ್ಲಿ ಉದ್ದುದ್ದ ನಾರು ಹಾಗೇ ಇದ್ದರೆ ದವಡೆ ಹಲ್ಲು ಸವೆದಿದೆ ಎಂದರ್ಥ. ಆ ಮುದಿ ಆನೆಯನ್ನು ವಾಪಸು ಕಳಿಸಿ. ನಿಲ್ಲಿಸುವ ಜಾಗಕ್ಕೆ ನೆರಳು, ಒದ್ದೆ ಗೋಣಿ, ನೀರು, ಹಿಂದೆ ಸರಿಯಲು ದಾರಿ ಬೇಕು. ಎರಡು ಗೋಡೆಗಳ ನಡುವೆ ನಿಲ್ಲಿಸಿದ ಆನೆ ಬೆದರಿದರೆ ಜನರ ಮೇಲೆಯೇ ಬರಬೇಕು, ಬೇರೆ ದಾರಿಯಿಲ್ಲ. ಮಾವುತ ಹಿಂದಿನ ರಾತ್ರಿ ನಿದ್ದೆ ಮಾಡಿದ್ದಾನೆಯೇ ಎಂದು ಕೇಳಿ. ಸೊಂಡಿಲಿನಿಂದ ಆಶೀರ್ವಾದ ಬೇಡ: ಕ್ಷಯ ಮನುಷ್ಯನಿಂದ ಆನೆಗೆ ಹರಡುತ್ತದೆ, ಸೊಂಡಿಲೇ ಅದರ ಮೂಗು. ಉಂಗುರಕ್ಕೆಂದು ಬಾಲದ ಕೂದಲು ಕೀಳಿಸುವವರನ್ನು ಹತ್ತಿರ ಬಿಡಬೇಡಿ.

ಇಷ್ಟಕ್ಕೂ ನಮ್ಮ ಸೀಮೆಯ ಉತ್ಸವಕ್ಕೆ ಆನೆ ಬೇಕೇ? ಮಧೂರು, ಕಣಿಪುರ, ಅಡೂರು ಕಡೆಯ ಕ್ರಮದಲ್ಲಿ ಬಲಿಮೂರ್ತಿಯನ್ನು (ಉತ್ಸವದ ದೇವರ ಮೂರ್ತಿಯನ್ನು) ಹೊರುವುದು ಮನುಷ್ಯನ ತಲೆ. ವಾದ್ಯದ ಸುತ್ತು, ಕಟ್ಟೆಪೂಜೆ, ದರ್ಶನ ಬಲಿ ಯಾವುದರಲ್ಲೂ ಆನೆಯಿಲ್ಲದೆ ಲೋಪವಾಗುವುದಿಲ್ಲ. ಕುಂಬಳೆ ಬೆಡಿಯಂಥ (ಬೆಡಿ ಎಂದರೆ ಸಿಡಿಮದ್ದು) ಸದ್ದಿನ ಉತ್ಸವಗಳ ಸೀಮೆ ಇದು. ನಮಗೆ ಕೇಳಿಸದಷ್ಟು ತಗ್ಗಿದ ಧ್ವನಿಯಲ್ಲಿ ಮಾತಾಡಿಕೊಳ್ಳುವ, ನೆಲದ ಕಂಪನವನ್ನು ಪಾದದಲ್ಲಿ ಗ್ರಹಿಸುವ ಪ್ರಾಣಿಯನ್ನು ಅಲ್ಲಿಗೆ ತರುವುದು ತೆಂಕಣ ಶೋಭೆಯ ಆಸೆಯಿಂದ ಮಾತ್ರ. ತ್ರಿಶ್ಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನವೇ 2023ರಲ್ಲಿ ಕಿವಿ, ಬಾಲ, ಸೊಂಡಿಲು ಆಡಿಸುವ ಯಂತ್ರದ ಆನೆಯನ್ನು ದೇವರ ಸೇವೆಗೆ ಇರಿಸಿಕೊಂಡಿತು, ತೂಕ ಸುಮಾರು 800 ಕಿಲೋ. ನಮಗೆ ಅದೂ ಬೇಕಿಲ್ಲ.

‘ನಾವು ಆನೆಯನ್ನು ಪ್ರೀತಿಯಿಂದಲೇ ಸಾಕುತ್ತೇವೆ’ ಎಂಬ ಮಾತಿಗೆ ಉತ್ತರ ಕೊಲ್ಹಾಪುರ ಜಿಲ್ಲೆಯ ನಾಂದಣಿಯಲ್ಲಿದೆ. ಬೆಳಗಾವಿ ಗಡಿಯ ಕನ್ನಡ ಜೈನರಿಗೂ ಆಪ್ತವಾದ ಅಲ್ಲಿನ ಮಠದ ಹೆಣ್ಣಾನೆ ಮಹಾದೇವಿಯನ್ನು 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಆದೇಶದಂತೆ, ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದ ಮೇಲೆ, ಜಾಮ್‌ನಗರದ ಆರೈಕೆ ಕೇಂದ್ರಕ್ಕೆ ಕಳಿಸಲಾಯಿತು. ಊರಿಗೆ ಊರೇ ಅತ್ತಿತು. ಆ ಕಣ್ಣೀರು ನಿಜ. ಕೋರ್ಟಿನ ಮುಂದಿದ್ದ ವರದಿಯಲ್ಲಿನ ಕಾಲಿನ ಕೊಳೆತ, ಬೆಳೆದ ಉಗುರು, ತಲೆ ತೂಗುವಿಕೆ ಕೂಡ ನಿಜ. ಪ್ರೀತಿಸುವವರ ನಡುವೆಯೂ ಒಂಟಿ ಆನೆಯ ಕಾಲು ಕೊಳೆಯುತ್ತದೆ, ಯಾಕೆಂದರೆ ಕಾಲಿಗೆ ಬೇಕಾದದ್ದು ಮಣ್ಣು ಮತ್ತು ನಡಿಗೆ. ಅದೇ ವೇಳೆಗೆ, ಸಾವಿರ ಕಿಲೋಮೀಟರಿಗೂ ದೂರದ ಕೇಂದ್ರಕ್ಕಿಂತ ಹತ್ತಿರದಲ್ಲೇ ಒಂದು ಒಳ್ಳೆಯ ಶಿಬಿರವಿದ್ದರೆ ಮಾವುತನ ನಂಟೂ ಉಳಿಯುತ್ತಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ. ಈಗಿರುವ ಸಾಕಾನೆಗಳನ್ನು ಕಾಡಿಗೆ ಬಿಡಲಾಗದು: ಮನುಷ್ಯರ ಭಯವಿಲ್ಲದ ಅವು ನೇರ ತೋಟಕ್ಕೆ ಬರುತ್ತವೆ. ಕಾರಡ್ಕ, ಮುಳಿಯಾರಿನ ಅಡಿಕೆ ಕೃಷಿಕರಿಗೆ ಅದರ ಅರ್ಥ ವಿವರಿಸಬೇಕಾಗಿಲ್ಲ. ಹೊಸದಾಗಿ ಒಂದನ್ನೂ ತರದೆ, ಇರುವವನ್ನು ಜೊತೆಗಾರ ಆನೆಗಳೊಂದಿಗೆ ಶಿಬಿರಗಳಲ್ಲಿ ಮುದಿಯಾಗಲು ಬಿಡುವುದೊಂದೇ ದಾರಿ.

ಸೆರೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ವಯನಾಡಿನ ಕುಪ್ಪಾಡಿಯಲ್ಲಿ ಗಾಯಗೊಂಡ, ಬೇಟೆಯಾಡಲಾರದ ಹುಲಿ-ಚಿರತೆಗಳಿಗೆ ಅರಣ್ಯ ಇಲಾಖೆಯ ಆರೈಕೆ ಕೇಂದ್ರವಿದೆ. ಅದು ಸೆರೆ, ಆದರೆ ಪ್ರದರ್ಶನವಲ್ಲ. ನಮ್ಮ ದೇಲಂಪಾಡಿ, ಮುಳಿಯಾರು ಕಡೆ ಚಿರತೆ ಬೋನಿಗೆ ಬಿದ್ದಾಗ ನೆರೆಯುವ ಗುಂಪು ಈ ವ್ಯತ್ಯಾಸ ತಿಳಿಯಬೇಕು. ಬೋನಿನ ಸುತ್ತ ಜನ ಮೊಬೈಲ್ ಹಿಡಿದು ನಿಂತಷ್ಟು ಹೊತ್ತೂ ಚಿರತೆ ಸರಳಿಗೆ ಬಡಿಯುತ್ತದೆ, ಕಚ್ಚುತ್ತದೆ. ಕೋರೆಹಲ್ಲು ಮುರಿದರೆ ಅದನ್ನು ಮತ್ತೆ ಕಾಡಿಗೆ ಬಿಡಲಾಗುವುದಿಲ್ಲ, ಆಯುಷ್ಯಪೂರ್ತಿ ಸೆರೆ. ಬೋನನ್ನು ತಕ್ಷಣ ಟಾರ್ಪಾಲಿನಿಂದಲೋ ಸೊಪ್ಪಿನಿಂದಲೋ ಮುಚ್ಚಿದರೆ, ಜನ ದೂರ ಸರಿದರೆ, ಅದು ಕೆಲವೇ ಹೊತ್ತಿನಲ್ಲಿ ಮಲಗುತ್ತದೆ.

2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಯನ್ನು ಘೋಷಿಸಿಕೊಂಡಿತು. ಪ್ರಾಣಿಯಾಗಿ ಆರಿಸಿದ್ದು ಚಂದ್ರಗಿರಿ ಹೊಳೆಯ ದೈತ್ಯ ಮೃದುಚಿಪ್ಪಿನ ಆಮೆಯನ್ನು. ಬೆಳೆದರೆ ಒಂದು ಮೀಟರಿನಷ್ಟು ಉದ್ದ. ಬದುಕಿನ ಬಹುಪಾಲನ್ನು ಮರಳಲ್ಲಿ ಹೂತು ಅಲುಗದೆ ಕಳೆಯುತ್ತದೆ, ಉಸಿರಿಗೆ ದಿನಕ್ಕೆ ಎರಡು ಸಲ ಮೇಲೆ ಬರುತ್ತದೆ ಎನ್ನುತ್ತಾರೆ. ಇದನ್ನು ಅಕ್ವೇರಿಯಮ್ಮಿನಲ್ಲಿಟ್ಟು ಜಿಲ್ಲೆಯ ಹೆಮ್ಮೆ ಎಂದು ತೋರಿಸುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ. ನೀರು ಇಳಿದಾಗ ಮರಳದಿಬ್ಬದಲ್ಲಿ ಗೂಡು ಮಾಡುತ್ತದೆ. ಹೊಳೆ ಏರಿದರೆ ಮೊಟ್ಟೆ ಮುಳುಗುತ್ತದೆ. ಮುಳುಗುವ ಗೂಡು ಕಂಡರೆ ನೀವೇ ಎತ್ತಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಇಟ್ಟ ಸ್ವಲ್ಪ ಹೊತ್ತಿನಲ್ಲೇ ಭ್ರೂಣ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಮೊಟ್ಟೆ ತಿರುಗಿದರೆ ಸಾಯುತ್ತದೆ. ಬಲ್ಲವರು ಮೇಲ್ಮೈಗೆ ಪೆನ್ಸಿಲಿನಿಂದ ಗುರುತು ಹಾಕಿ, ಹಾಗೇ ಎತ್ತಿ, ಅದೇ ಆಳದ ಮರಳಿಗೆ ಇಳಿಸುತ್ತಾರೆ. ಮರಿ ಹೊರಬಂದ ಮೇಲೆ ಅದೇ ಹೊಳೆಗೆ ಬಿಡುತ್ತಾರೆ. ಗಾಳಕ್ಕೆ ದೊಡ್ಡ ಆಮೆ ಸಿಕ್ಕಿದರೆ ಕೊಕ್ಕೆ ಎಳೆಯಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ. ಕುತ್ತಿಗೆ ಉದ್ದಕ್ಕೆ ಚಾಚಿ ಕಚ್ಚುವುದರಿಂದ ಚಿಪ್ಪಿನ ಹಿಂಬದಿಯಲ್ಲೇ ಹಿಡಿಯಬೇಕು. ಫೋಟೊ ಹಾಕುವುದಿದ್ದರೆ ಕಡವಿನ ಹೆಸರು, ಲೊಕೇಶನ್ ಎರಡನ್ನೂ ತೆಗೆದು ಹಾಕಿ.